ಸ್ಟ್ರಿಂಗ್ ಪ್ಯಾಡಿಂಗ್

ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಪಠ್ಯದ ತುಣುಕನ್ನು ಸ್ಟ್ರಿಂಗ್ ಎನ್ನುತ್ತಾರೆ. ಗೊತ್ತುಪಡಿಸಿದ ಉದ್ದಕ್ಕಿಂತ ಅದು ಚಿಕ್ಕದಾಗಿದ್ದರೆ ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬಿ ಸರಿದೂಗಿಸುವುದೇ ಪ್ಯಾಡಿಂಗ್. ಹೀಗೆ ಅಳತೆಗೆ ತಂದ ತುಣುಕುಗಳನ್ನು ಸಾಲಾಗಿ ಜೋಡಿಸಿದರೆ, ನಡುವೆ ಯಾವ ಗುರುತೂ ಇಲ್ಲದೆ ಬರೀ ಎಣಿಕೆಯಿಂದ ಬಿಡಿಸಿ ಓದಬಹುದು.

ಮೂಲ

1890ರ ಅಮೆರಿಕದ ಜನಗಣತಿಗೆ ಹರ್ಮನ್ ಹಾಲರಿತ್ ರೂಪಿಸಿದ ರಂಧ್ರಪತ್ರಗಳಲ್ಲಿ ಪ್ರತಿ ಮಾಹಿತಿಗೂ ನಿಶ್ಚಿತ ಜಾಗವಿತ್ತು. 1928ರಲ್ಲಿ ಐಬಿಎಂ 80 ಕಾಲಮ್ಮುಗಳ ಪತ್ರ ತಂದಿತು. 1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್ ಭಾಷೆ ಇದೇ ಪದ್ಧತಿಯನ್ನು ಮುಂದುವರಿಸಿತು: ಹೆಸರಿನ ಬಲಕ್ಕೆ ಖಾಲಿ ಜಾಗ, ಅಂಕಿಯ ಎಡಕ್ಕೆ ಸೊನ್ನೆ.

ಜನಗಣತಿ ಸಂಕೇತಗಳು

ಭಾರತದ 2001ರ ಜನಗಣತಿಯಲ್ಲಿ ಜಿಲ್ಲೆಗೆ ಎರಡು ಅಂಕಿಗಳಿದ್ದವು; ದಾವಣಗೆರೆ 14. ಅದು ರಾಜ್ಯದೊಳಗಿನ ಕ್ರಮಸಂಖ್ಯೆ. 2011ರಲ್ಲಿ 640 ಜಿಲ್ಲೆಗಳನ್ನೂ ಒಂದೇ ಸರಣಿಗೆ ತಂದಾಗ ಮೂರು ಅಂಕಿ ಬೇಕಾದವು. ಮೊದಲನೆಯದಾದ ಕುಪ್ವಾರ 001 ಆಯಿತು, ದಾವಣಗೆರೆ 567. ರಾಜ್ಯಕ್ಕೆ 2, ಜಿಲ್ಲೆಗೆ 3, ತಾಲ್ಲೂಕಿಗೆ 5, ಊರಿಗೆ 6 ಅಂಕಿ. ಕರ್ನಾಟಕದ ಸಂಕೇತ 29 ಆದ್ದರಿಂದ, ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ಜಗಳೂರು ತಾಲ್ಲೂಕುಗಳ ಯಾವ ಹಳ್ಳಿಯ ಪೂರ್ಣ ಸಂಕೇತವಾದರೂ 29567 ಎಂದೇ ಶುರುವಾಗುತ್ತದೆ. ಆಗ ಹೊನ್ನಾಳಿಗೆ ಸೇರಿದ್ದ ನ್ಯಾಮತಿ ಅನಂತರ ತಾಲ್ಲೂಕಾಯಿತು. ಊರಿನ ಆರಂಕಿ ಇಡೀ ದೇಶಕ್ಕೆ ಒಂದೇ ಸರಣಿಯಾದ್ದರಿಂದ ಇಂಥ ಬದಲಾವಣೆಯ ನಂತರವೂ ಹಳೆಯ ಲೆಕ್ಕವನ್ನು ಹಳ್ಳಿಗೆ ತಾಳೆ ಹಾಕಬಹುದು. ಆದರೆ ಇಂಥ ಸಂಕೇತವನ್ನು ಎಕ್ಸೆಲ್ ಸಂಖ್ಯೆಯೆಂದು ಓದಿದರೆ 001 ಬರೀ 1 ಆಗುತ್ತದೆ.

ಕನ್ನಡದ ತೊಡಕು

ಸಂಕೇತಕ್ಕೆ ಒಗ್ಗಿದ ಅಳತೆ ಹೆಸರಿಗೆ ಒಗ್ಗುವುದಿಲ್ಲ. ಚನ್ನಗಿರಿ, ಜಗಳೂರು ಎರಡೂ ಓದುವವರಿಗೆ ನಾಲ್ಕಕ್ಷರ. ಯೂನಿಕೋಡ್‌ನಲ್ಲಿ ವ್ಯಂಜನ, ಹಲಂತ, ಸ್ವರಚಿಹ್ನೆಗಳು ಬಿಡಿಬಿಡಿಯಾಗಿ ಲೆಕ್ಕಕ್ಕೆ ಬರುವುದರಿಂದ ಮೊದಲನೆಯದು 8, ಎರಡನೆಯದು 6. ಹತ್ತರ ಅಳತೆಗೆ ತುಂಬಿಸಿದರೆ ಒಂದಕ್ಕೆ ಎರಡು ಖಾಲಿ ಜಾಗ, ಇನ್ನೊಂದಕ್ಕೆ ನಾಲ್ಕು. ಮೂರಕ್ಷರದ ಹೊನ್ನಾಳಿಯೂ 8. 'ಹೊ'ದ ಸ್ವರಚಿಹ್ನೆಯನ್ನು ಎರಡು ಭಾಗವಾಗಿ ಇಟ್ಟರೆ 9. ಯುಟಿಎಫ್-8ರಲ್ಲಿ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. 20 ಬೈಟಿನ ಜಾಗಕ್ಕೆ 24 ಬೈಟಿನ 'ಚನ್ನಗಿರಿ'ಯನ್ನು ತುರುಕಿದರೆ 'ಚನ್ನಗಿ' ಉಳಿದು, 'ರ'ದ ನಡುವೆಯೇ ಕತ್ತರಿ ಬೀಳುತ್ತದೆ.

ಈಚಿನ ಬೆಳವಣಿಗೆ

2016ರ ಮಾರ್ಚ್‌ನಲ್ಲಿ ಸ್ಟ್ರಿಂಗಿನ ಎಡಕ್ಕೆ ಪ್ಯಾಡಿಂಗ್ ಮಾಡುವ 'ಲೆಫ್ಟ್-ಪ್ಯಾಡ್' ಎಂಬ ಹನ್ನೊಂದು ಸಾಲಿನ ಜಾವಾಸ್ಕ್ರಿಪ್ಟ್ ತುಣುಕನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ, ಅದನ್ನು ನೆಚ್ಚಿದ್ದ ಅಸಂಖ್ಯ ಯೋಜನೆಗಳು ನಿಂತುಹೋದವು. ಮರುವರ್ಷದ ಆವೃತ್ತಿಯಲ್ಲಿ ಆ ಭಾಷೆಗೇ ಅದೇ ಕೆಲಸ ಮಾಡುವ 'ಪ್ಯಾಡ್‌ಸ್ಟಾರ್ಟ್' ಸೇರಿತು. ಅದೂ ಎಣಿಸುವುದು ಯೂನಿಕೋಡಿನ ತುಣುಕುಗಳನ್ನೇ, ಅಕ್ಷರಗಳನ್ನಲ್ಲ. ಹಾಗಾಗಿ ಸಂಕೇತವನ್ನು ನಿಶ್ಚಿತ ಉದ್ದದಲ್ಲೂ ಊರ ಹೆಸರನ್ನು ಅದರದೇ ಉದ್ದದಲ್ಲೂ ಇಡುವುದು ಕನ್ನಡದ ದತ್ತಾಂಶಕ್ಕೆ ಸುರಕ್ಷಿತ ಕ್ರಮ.