ಕುಸ್ತಿ, ಬಾಕ್ಸಿಂಗ್ ಮಾಡೋರು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೋಬಹುದಾ? ತಿಳಿದಿರಬೇಕಾದ ವಿಷಯಗಳಿವು

ಓಟದಲ್ಲಿ ಮದ್ದು ತಗೊಂಡು ಗೆದ್ದವನು ಪಕ್ಕದವನ ಪದಕ ಕಸಿಯುತ್ತಾನೆ. ಬಾಕ್ಸಿಂಗ್, ಕುಸ್ತಿ, ಎಂಎಂಎ ಅಖಾಡದಲ್ಲಿ ಹಾಗಲ್ಲ. ಮದ್ದಿನಿಂದ ಬಂದ ಬಲ ನೇರವಾಗಿ ಎದುರಾಳಿಯ ಮೈಮೇಲೆ ಬೀಳುತ್ತದೆ. ಹಾಗಾಗಿಯೇ ಈ ಕ್ರೀಡೆಗಳಲ್ಲಿ ಟೆಸ್ಟೋಸ್ಟೆರಾನ್ ಬಳಕೆ ಬರೀ ಮೋಸದ ವಿಷಯವಲ್ಲ, ಪ್ರಾಣದ ವಿಷಯ.

ಏನಿದು ಟೆಸ್ಟೋಸ್ಟೆರಾನ್?

ಇದು ನಮ್ಮ ದೇಹವೇ ತಯಾರಿಸುವ ಹಾರ್ಮೋನ್. ಗಂಡಸರಲ್ಲಿ ಮುಖ್ಯವಾಗಿ ವೃಷಣಗಳಲ್ಲಿ ಉತ್ಪತ್ತಿಯಾಗುತ್ತದೆ. ಮಾಂಸಖಂಡ, ಮೂಳೆ, ಕೆಂಪು ರಕ್ತಕಣಗಳ ಬೆಳವಣಿಗೆಗೆ ಇದು ಬೇಕು. ಕಾಯಿಲೆಯಿಂದ ಇದರ ಪ್ರಮಾಣ ಕುಸಿದವರಿಗೆ ವೈದ್ಯರು ಇಂಜೆಕ್ಷನ್ ಅಥವಾ ಜೆಲ್ ಕೊಡುತ್ತಾರೆ. ಇದನ್ನೇ ಟಿಆರ್‌ಟಿ ಅನ್ನುತ್ತಾರೆ.

ಅಮೆರಿಕದಲ್ಲಿ ಆಗಿದ್ದೇನು?

ಒಂದು ಕಾಲದಲ್ಲಿ ಅಲ್ಲಿನ ಎಂಎಂಎ ಆಟಗಾರರಿಗೆ ವೈದ್ಯರ ಪತ್ರ ತೋರಿಸಿದರೆ ಟಿಆರ್‌ಟಿಗೆ ವಿನಾಯಿತಿ ಸಿಗುತ್ತಿತ್ತು. 2010ರ ಆಗಸ್ಟ್‌ನಲ್ಲಿ ಆಂಡರ್ಸನ್ ಸಿಲ್ವಾ ವಿರುದ್ಧ ಸೆಣಸಿದ ಚೇಲ್ ಸೊನ್ನೆನ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಮೂತ್ರದಲ್ಲಿ ಟೆಸ್ಟೋಸ್ಟೆರಾನ್ ಮತ್ತು ಎಪಿಟೆಸ್ಟೋಸ್ಟೆರಾನ್ ಪ್ರಮಾಣ ಸಾಮಾನ್ಯವಾಗಿ 1:1ರ ಆಸುಪಾಸಿನಲ್ಲಿರುತ್ತದೆ. ಅವರದ್ದು 16.9:1 ಇತ್ತು.

ಬ್ರೆಜಿಲ್‌ನ ವಿಟರ್ ಬೆಲ್ಫೋರ್ಟ್ 2006ರಲ್ಲೇ ಒಮ್ಮೆ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಫೇಲ್ ಆಗಿದ್ದವರು. ನಂತರ ಟಿಆರ್‌ಟಿಗೆ ಅನುಮತಿ ಪಡೆದು, 2013ರಲ್ಲಿ ಮೂರು ಪಂದ್ಯ ಗೆದ್ದರು. ಮೂರರಲ್ಲೂ ತಲೆಗೆ ಒದೆತ. ಮೊದಲನೆಯದರಲ್ಲಿ ಸೋತ ಬ್ರಿಟನ್‌ನ ಮೈಕಲ್ ಬಿಸ್ಪಿಂಗ್, ಆ ಪಂದ್ಯದ ಪೆಟ್ಟಿನಿಂದಲೇ ಬಲಗಣ್ಣಿನ ರೆಟಿನಾ ಕಳಚಿ ದೃಷ್ಟಿ ಹೋಯಿತು ಎಂದು ಹೇಳಿಕೊಂಡಿದ್ದಾರೆ. ಟಿಆರ್‌ಟಿ ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಸಾಬೀತು ಮಾಡಲು ಆಗಲ್ಲ. ಆದರೆ ಪ್ರಶ್ನೆ ಮಾತ್ರ ಉಳಿಯಿತು.

2014ರ ಫೆಬ್ರವರಿ 27ರಂದು ನೆವಾಡಾ ರಾಜ್ಯದ ಅಥ್ಲೆಟಿಕ್ ಕಮಿಷನ್ ಈ ವಿನಾಯಿತಿಯನ್ನೇ ರದ್ದು ಮಾಡಿತು. ಯುಎಫ್‌ಸಿ ಕೂಡ ಅದನ್ನೇ ಪಾಲಿಸಿತು.

ಚಿಕಿತ್ಸೆ ಅಂದರೆ ತಪ್ಪೇನು?

ಇಲ್ಲೇ ಇರೋದು ಸೂಕ್ಷ್ಮ. ಹೊರಗಿನಿಂದ ಸ್ಟೆರಾಯ್ಡ್ ಹೋದರೆ ದೇಹ ತನ್ನ ಸ್ವಂತ ಉತ್ಪಾದನೆ ನಿಲ್ಲಿಸುತ್ತದೆ. ಸ್ಟೆರಾಯ್ಡ್ ಬಿಟ್ಟ ಮೇಲೂ ಕೆಲವರಲ್ಲಿ ಅದು ಬೇಗ ಸರಿಹೋಗಲ್ಲ. ಆಗ ರಕ್ತಪರೀಕ್ಷೆಯಲ್ಲಿ ಹಾರ್ಮೋನ್ ಕಡಿಮೆ ಬರುತ್ತದೆ. ಅಂದರೆ ಹಿಂದೆ ಮಾಡಿದ ತಪ್ಪೇ ಮುಂದೆ ಅನುಮತಿಗೆ ಕಾರಣವಾಗಬಹುದು! ಸ್ವಚ್ಛವಾಗಿ ಆಡಿ, ವಯಸ್ಸಾಗಿ ಬಲ ಕುಂದಿದವನಿಗೆ ಸಿಗುವುದು ಸೋಲು ಮಾತ್ರ. ಜತೆಗೆ, ಅಖಾಡಕ್ಕೆ ಇಳಿಯುವವನು ಪೆಟ್ಟು ತಿನ್ನಲು ಒಪ್ಪಿರುತ್ತಾನೆ ನಿಜ. ಮದ್ದಿನ ಪೆಟ್ಟಿಗೆ ಒಪ್ಪಿರುವುದಿಲ್ಲ.

ದೇಹಕ್ಕೆ ಏನಾಗುತ್ತದೆ?

* ವೃಷಣ ಕುಗ್ಗುತ್ತದೆ, ವೀರ್ಯಾಣು ಕಡಿಮೆಯಾಗಿ ಮಕ್ಕಳಾಗುವುದು ಕಷ್ಟವಾಗಬಹುದು.
* ರಕ್ತ ಗಟ್ಟಿಯಾಗುತ್ತದೆ. ತೂಕ ಇಳಿಸಲು ನೀರು ಬಿಡುವ ಪೈಲ್ವಾನರಿಗೆ, ಬಾಕ್ಸರ್‌ಗಳಿಗೆ ಇದು ಇನ್ನೂ ಅಪಾಯ.
* ಒಳ್ಳೆಯ ಕೊಲೆಸ್ಟ್ರಾಲ್ ಇಳಿಯಬಹುದು, ಹೃದಯಕ್ಕೆ ಹೊರೆ ಬೀಳುತ್ತದೆ.
* ಮೊಡವೆ, ಕೂದಲು ಉದುರುವುದು, ಸಿಡುಕು, ಗಂಡಸರಲ್ಲಿ ಎದೆ ಬೆಳೆಯುವುದು ಕಾಣಿಸಬಹುದು.
* ಹದಿಹರೆಯದವರಲ್ಲಿ ಮೂಳೆಯ ಬೆಳವಣಿಗೆ ಬೇಗ ನಿಂತು ಎತ್ತರ ಕುಂಠಿತವಾಗಬಹುದು.
* ಹೆಣ್ಣುಮಕ್ಕಳಲ್ಲಿ ಧ್ವನಿ ಗಡುಸಾದರೆ ಮತ್ತೆ ಮೊದಲಿನಂತಾಗದೇ ಇರಬಹುದು.

ನಮ್ಮಲ್ಲಿ ನಿಯಮ ಏನಿದೆ?

ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ) ಪಟ್ಟಿಯಲ್ಲಿ ಟೆಸ್ಟೋಸ್ಟೆರಾನ್ ವರ್ಷಪೂರ್ತಿ ನಿಷಿದ್ಧ, ಪಂದ್ಯದ ದಿನ ಮಾತ್ರವಲ್ಲ. ಭಾರತದಲ್ಲಿ ಪರೀಕ್ಷೆ ನಡೆಸುವುದು ನಾಡಾ. 2022ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನು ಬಂದಿದೆ. ಬೇಕಂತಲೇ ಬಳಸಿದ್ದರೆ ಸಾಮಾನ್ಯವಾಗಿ 4 ವರ್ಷ ನಿಷೇಧ.

"ನನಗೆ ಗೊತ್ತಿಲ್ಲದೆ ಯಾರೋ ಬೆರೆಸಿದರು" ಅಂದರೆ ಸಾಲದು. ಪೈಲ್ವಾನ್ ನರಸಿಂಗ್ ಯಾದವ್ 2016ರಲ್ಲಿ ಮೆಥಾಂಡೈನೋನ್ ಎಂಬ ಸ್ಟೆರಾಯ್ಡ್ ಪ್ರಕರಣದಲ್ಲಿ ಇದೇ ವಾದ ಮಂಡಿಸಿದ್ದರು. ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಒಪ್ಪದೆ, ರಿಯೊ ಒಲಿಂಪಿಕ್ಸ್ ಅಂಗಳದಲ್ಲೇ 4 ವರ್ಷ ನಿಷೇಧ ಹೇರಿತು.

ಗರಡಿ, ಜಿಮ್‌ಗೆ ಹೋಗುವವರ ಗಮನಕ್ಕೆ

* ವೈದ್ಯರ ಚೀಟಿ ಇಲ್ಲದೆ ಈ ಔಷಧ ಮಾರುವಂತಿಲ್ಲ, ಕೊಳ್ಳಲೂಬೇಡಿ.
* ಲೇಬಲ್‌ನಲ್ಲಿ ಹೇಳದ ಸ್ಟೆರಾಯ್ಡ್ ಸಪ್ಲಿಮೆಂಟ್ ಡಬ್ಬಿಯಲ್ಲಿ ಇರಬಹುದು.
* ನಿಜವಾಗಿಯೂ ಹಾರ್ಮೋನ್ ಕಾಯಿಲೆ ಇದ್ದರೆ ಎಂಡೋಕ್ರೈನಾಲಜಿಸ್ಟ್ ಬಳಿ ಹೋಗಿ. ಸ್ಪರ್ಧಿಸುವವರು ಚಿಕಿತ್ಸೆಗೆ ಮೊದಲೇ ನಾಡಾದ ಅನುಮತಿ ಕೇಳಬೇಕು.
* ಈಗಾಗಲೇ ತಗೊಳ್ತಿದ್ದರೆ ಮುಚ್ಚಿಡಬೇಡಿ, ವೈದ್ಯರಿಗೆ ಇದ್ದದ್ದು ಇದ್ದ ಹಾಗೆ ಹೇಳಿ.