ಮದ್ದಿನ ಕೊಂಬು, ತೊಗಲ ಚೀಲ

ನಳಿಗೆಯ ಬಾಯಿಯಿಂದಲೇ ಮದ್ದನ್ನೂ ಸೀಸದ ಗುಂಡನ್ನೂ ತುಂಬಬೇಕಿದ್ದ 18ನೆಯ ಶತಮಾನದ ಬಂದೂಕುಗಳ ಕಾಲದಲ್ಲಿ, ಉತ್ತರ ಅಮೆರಿಕದ ಬೇಟೆಗಾರರು ಗುಂಡು, ಚಕಮಕಿ ಕಲ್ಲು, ಗುಂಡಿಗೆ ಸುತ್ತುವ ಬಟ್ಟೆಚೂರುಗಳನ್ನು ಹೆಗಲಿನ ತೊಗಲ ಚೀಲದಲ್ಲೂ ಮದ್ದನ್ನು ದನದ ಕೊಂಬಿನಲ್ಲೂ ಒಯ್ಯುತ್ತಿದ್ದರು. ಕೊಂಬನ್ನು ಕುದಿಸಿ, ಒಳಗಿನ ಮೂಳೆಯನ್ನು ಕಳಚಿ, ಬೆಳಕಿಗೆ ಹಿಡಿದರೆ ಮದ್ದಿನ ಮಟ್ಟ ಕಾಣುವಷ್ಟು ತೆಳುವಾಗಿ ಹೆರೆದು, ಅಗಲ ಬಾಯಿಗೆ ಮರದ ಮುಚ್ಚಳ ಜಡಿದು, ತುದಿಯಲ್ಲಿ ತೂತು ಕೊರೆದು ಬಿರಡೆ ಇಡುತ್ತಿದ್ದರು. ತೇವ ಒಳಹೋಗಗೊಡದ, ಕಿಡಿ ಹಾರಿಸದ ಇಷ್ಟು ಹಗುರಾದ ಪಾತ್ರೆ ಆ ಕಾಡುದಾರಿಗಳಿಗೆ ಬೇರೊಂದಿರಲಿಲ್ಲವೆಂದೇ ಹೇಳಬೇಕು. ಫ್ರೆಂಚರಿಗೂ ಬ್ರಿಟಿಷರಿಗೂ 1754ರಿಂದ 1763ರವರೆಗೆ ನಡೆದ ಯುದ್ಧದಲ್ಲಿ ಸೈನಿಕರು ಕೊಂಬಿನ ಮೇಲೆ ತಮ್ಮ ಹೆಸರನ್ನೂ ಕೋಟೆ, ನದಿಗಳ ನಕ್ಷೆಯನ್ನೂ ಕೊರೆಸಿಕೊಂಡರು. ಲೇಕ್ ಜಾರ್ಜ್ ಶಿಬಿರದಲ್ಲಿ ಈ ಕೆತ್ತನೆಗೆ ಅಪೂರ್ವ ಅಂದ ತಂದವನು ಮ್ಯಾಸಚೂಸೆಟ್ಸ್‌ನ ಕಪ್ಪುವರ್ಣೀಯ ಸೈನಿಕ ಜಾನ್ ಬುಷ್. ಆತ 1757ರಲ್ಲಿ ವಿಲಿಯಂ ಹೆನ್ರಿ ಕೋಟೆ ಬಿದ್ದಾಗ ಫ್ರೆಂಚರ ಕಡೆಯವರಿಗೆ ಸೆರೆಸಿಕ್ಕನು.