ಡಿಸ್ಲೆಕ್ಸಿಯಾ ಮತ್ತು ಕನ್ನಡದ ಓದು: ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳು

ಡಿಸ್ಲೆಕ್ಸಿಯಾ: ಬುದ್ಧಿ ಚುರುಕಾಗಿದ್ದು, ಕಣ್ಣು ಕಿವಿ ನೆಟ್ಟಗಿದ್ದು, ಶಾಲೆಗೂ ತಪ್ಪದೆ ಹೋಗುತ್ತಿದ್ದರೂ ಓದು ಬರಹ ಮಾತ್ರ ಹಿಡಿತಕ್ಕೆ ಸಿಗದ ಸ್ಥಿತಿ. ಇದು ರೋಗವಲ್ಲ, ಸೋಮಾರಿತನವೂ ಅಲ್ಲ. ಹುಟ್ಟಿನಿಂದ ಬರುತ್ತದೆ, ಒಂದೇ ಮನೆತನದಲ್ಲಿ ಹಲವರಿಗೆ ಇರುವುದುಂಟು. ಶಾಲಾ ಮಕ್ಕಳಲ್ಲಿ 100ಕ್ಕೆ 5ರಿಂದ 10 ಮಂದಿಗೆ ಇರಬಹುದೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಓದಿನ ಡಿಸ್ಲೆಕ್ಸಿಯಾ, ಬರಹದ ಡಿಸ್‌ಗ್ರಾಫಿಯಾ, ಲೆಕ್ಕದ ಡಿಸ್‌ಕ್ಯಾಲ್ಕುಲಿಯಾ ಮೂರನ್ನೂ ಸರ್ಕಾರಿ ಕಾಗದಪತ್ರಗಳಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂಬ ಒಂದೇ ಹೆಸರಿನಡಿ ಸೇರಿಸಲಾಗಿದೆ. ಊರಿನ ಮಾತಿನಲ್ಲಿ ಇದಕ್ಕೆ ಬೇರೆ ಹೆಸರಿಲ್ಲ. ಶಾಲೆಗೆ ಬಂದ ತಾಯಿ “ಇವನ್ಗ ಓದು ತಲಗ ಹತ್ತದೇ ಇಲ್ಲ ಸಾ” ಎನ್ನುತ್ತಾಳೆ, ಅಷ್ಟೆ.

‘ಡಿಸ್ಲೆಕ್ಸಿಯಾ’ ಎಂಬ ಹೆಸರು ಕೊಟ್ಟವನು ಜರ್ಮನಿಯ ನೇತ್ರವೈದ್ಯ ರುಡಾಲ್ಫ್ ಬರ್ಲಿನ್, 19ನೆಯ ಶತಮಾನದ ಕೊನೆಯಲ್ಲಿ. ಮಗುವೊಂದರಲ್ಲಿ ಇದನ್ನು ಮೊದಲು ಬಣ್ಣಿಸಿದ್ದು ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್, 1896ರಲ್ಲಿ. ಅವನು ಕಂಡ 14 ವರ್ಷದ ಹುಡುಗ ಪರ್ಸಿ ಲೆಕ್ಕದಲ್ಲಿ ಜಾಣ. ಆದರೆ ತನ್ನ ಹೆಸರನ್ನೇ ಅಕ್ಷರ ಅದಲುಬದಲು ಮಾಡಿ ಬರೆಯುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೆಲ್ಲ ಇವನೇ ಜಾಣ ಎಂದು ಅವನ ಮೇಷ್ಟರು ಹೇಳಿದ್ದರಂತೆ. ನೂರಿಪ್ಪತ್ತು ವರ್ಷ ದಾಟಿದರೂ ಡಿಸ್ಲೆಕ್ಸಿಯಾ ಇರುವ ಮಗುವಿನ ಬಗ್ಗೆ ಇದಕ್ಕಿಂತ ನೇರವಾದ ವಿವರಣೆ ಸಿಗುವುದು ಕಷ್ಟ.

ಆ ಕಾಲದಲ್ಲಿ ತೊಡಕು ಕಂಡ ಪದದ ರೂಪವನ್ನು ನೆನಪಿಡುವುದರಲ್ಲಿದೆ ಎಂದು ತಿಳಿದಿದ್ದರು. ಇಂದಿನ ತಿಳಿವಳಿಕೆ ಬೇರೆ. ಮಾತಿನ ಸದ್ದನ್ನು ಬಿಡಿಸುವ, ಬಿಡಿಸಿದ ಸದ್ದನ್ನು ಅಕ್ಷರಕ್ಕೆ ಜೋಡಿಸುವ, ಜೋಡಿಸಿದ್ದನ್ನು ಚಕ್ಕನೆ ನೆನಪಿಗೆ ತರುವ ಕೆಲಸ ಮುಖ್ಯವಾಗಿ ಮಿದುಳಿನ ಎಡಭಾಗದ ಕೆಲವು ಜಾಗಗಳದು. ಡಿಸ್ಲೆಕ್ಸಿಯಾ ಇರುವವರಲ್ಲಿ ಅವು ಬೇರೆ ರೀತಿ ಕೆಲಸ ಮಾಡುತ್ತವೆ. ಹಾಗಾಗಿ ಕಣ್ಣಿನ ವ್ಯಾಯಾಮ, ಬಣ್ಣದ ಕನ್ನಡಕ, ಬುದ್ಧಿ ಹೆಚ್ಚಿಸುವ ಟಾನಿಕ್ಕುಗಳಿಂದ ಓದು ಬರುವುದಿಲ್ಲ. ಇದಕ್ಕೆ ಔಷಧವೂ ಇಲ್ಲ. ಇರುವ ದಾರಿ ಕಲಿಸುವುದೊಂದೇ.

ಕನ್ನಡ ಲಿಪಿಯಲ್ಲಿ ತೊಡಕು

ಬರೆದಂತೆ ಓದುವ ಭಾಷೆಯಲ್ಲಿ ಡಿಸ್ಲೆಕ್ಸಿಯಾ ಇರುವುದಿಲ್ಲ ಎಂಬ ನಂಬಿಕೆ ಮೇಷ್ಟರುಗಳಲ್ಲೂ ಇದೆ. ಅದು ತಪ್ಪು. ಇಂಗ್ಲಿಷಿನಲ್ಲಿ ಮಗು ತಪ್ಪು ಓದಿ ಸಿಕ್ಕಿಬೀಳುತ್ತದೆ. ಕನ್ನಡದಲ್ಲಿ ಬಹಳ ಸಲ ಸರಿಯಾಗಿಯೇ ಓದುತ್ತದೆ, ಆದರೆ ಒಂದೊಂದೇ ಅಕ್ಷರ ಕೂಡಿಸಿಕೊಂಡು, ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಮೊದಲು ಓದಿದ್ದೇನೆಂದು ಮರೆತು. ತಪ್ಪಿಗಿಂತ ನಿಧಾನವೇ ಇಲ್ಲಿ ದೊಡ್ಡ ಗುರುತು.

ಬಸ್ಸಿನ ಬೋರ್ಡನ್ನೇ ತೆಗೆದುಕೊಳ್ಳಿ. ‘ಹನೂರು’ ಸುಲಭ: ಮೂರು ಅಕ್ಷರ, ಎರಡು ಕೊಂಬು. ‘ಯಳಂದೂರು’ ಎಂಬಲ್ಲಿ ಸೊನ್ನೆಯೊಂದು ನಡುವೆ ಬರುತ್ತದೆ. ಅದನ್ನು ‘ನ್’ ಎಂದು ಓದಬೇಕೆಂದು ಗೊತ್ತಿರಬೇಕು. ‘ಕೊಳ್ಳೇಗಾಲ’ಕ್ಕೆ ಬಂದರೆ ಮೊದಲ ಅಕ್ಷರದ ಒತ್ವಕ್ಕೆ ಒಂದು ಗುರುತು ತಲೆಯ ಮೇಲೆ, ಇನ್ನೊಂದು ಬಲಗಡೆ. ಎರಡನೆಯದರಲ್ಲಿ ಳ, ಅದರ ಕೆಳಗೆ ಳ ಒತ್ತು, ಮೇಲೆ ಎತ್ವ, ಪಕ್ಕದಲ್ಲಿ ದೀರ್ಘ. ಕಣ್ಣು ಮೇಲೆ, ಕೆಳಗೆ, ಬಲಕ್ಕೆ ಹೋಗಿ ಬಂದ ಮೇಲೆ ಬಾಯಿಂದ ಹೊರಡುವುದು ‘ಳ್ಳೇ’ ಎಂಬ ಒಂದೇ ಉಲಿ. ‘ಆಸ್ತಿ’ಯಲ್ಲಿ ಗುಡಿಸು ಇರುವುದು ಸಕಾರದ ತಲೆಯ ಮೇಲೆ, ಉಚ್ಚಾರ ತಕಾರದ ಜೊತೆಗೆ. ‘ಸೂರ್ಯ’ದ ಅರ್ಕಾವತ್ತನ್ನು ಯಕಾರದ ನಂತರ ಬರೆದು ಅದಕ್ಕೂ ಮೊದಲು ಓದಬೇಕು. ಉಳಿದ ಮಕ್ಕಳು ಇದನ್ನೆಲ್ಲ ಯಾರೂ ಹೇಳಿಕೊಡದೆಯೇ ಹಿಡಿದುಬಿಡುತ್ತಾರೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಬಿಡಿಸಿ ಹೇಳಬೇಕು.

ವರ್ಣಮಾಲೆಯಲ್ಲಿ 49 ಅಕ್ಷರ. ಅದರಲ್ಲಿ 34 ವ್ಯಂಜನ. ಅವುಗಳ ಗುಣಿತಾಕ್ಷರಗಳೇ ನಾನೂರಕ್ಕೂ ಹೆಚ್ಚು. ಒತ್ತಕ್ಷರ ಬೇರೆ. ವ–ಮ, ಬ–ಭ, ದ–ಧ–ಥ, ರ–ಠ, ಪ–ಷ ಇವು ಒಂದು ಗೆರೆ, ಒಂದು ಚುಕ್ಕೆಯ ವ್ಯತ್ಯಾಸದವು. ಬೆಂಗಳೂರಿನಲ್ಲಿ ಕನ್ನಡ ಓದಿನ ಮೇಲೆ ದೀರ್ಘಕಾಲ ಕೆಲಸ ಮಾಡಿದ ಸೊನಾಲಿ ನಾಗ್ ಅವರ 2007ರ ಅಧ್ಯಯನದ ಪ್ರಕಾರ ಕನ್ನಡದ ಮಕ್ಕಳಿಗೆ ಅಕ್ಷರಗಳನ್ನು ಪೂರ್ತಿ ವಶಪಡಿಸಿಕೊಳ್ಳಲು ಹಲವು ವರ್ಷ ಹಿಡಿಯುತ್ತದೆ. ಕ್+ಅ ಎಂದು ಸದ್ದನ್ನು ಬಿಡಿಸುವ ಶಕ್ತಿ ಬರುವುದೂ ತಡವಾಗಿ. ಮಾರ್ಗರೆಟ್ ಸ್ನೋಲಿಂಗ್ ಜೊತೆ ಅವರು 2011ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಓದಿನಲ್ಲಿ ಹಿಂದುಳಿದ ಕನ್ನಡದ ಮಕ್ಕಳಿಗೆ ಅಕ್ಷರಜ್ಞಾನದಲ್ಲೂ ಸದ್ದು ಬಿಡಿಸುವುದರಲ್ಲೂ ಕಂಡದ್ದನ್ನು ಬೇಗ ಹೆಸರಿಸುವುದರಲ್ಲೂ ತೊಡಕು ಕಂಡಿತ್ತು. ಎರಡನೆಯ ತರಗತಿಯಲ್ಲಿ ಒತ್ತಕ್ಷರ ಬರಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ನಾಲ್ಕನೆಯದರಲ್ಲೂ ಕಾಗುಣಿತ ತಡವರಿಸಿದರೆ ಕೂತು ನೋಡಬೇಕು.

ಯಾವುದು ಡಿಸ್ಲೆಕ್ಸಿಯಾ, ಯಾವುದು ಅಲ್ಲ

ಡಿಸ್ಲೆಕ್ಸಿಯಾವನ್ನು ಉಳಿದ ತೊಡಕುಗಳಿಂದ ಬೇರ್ಪಡಿಸುವುದೇ ಈ ಮೂರು ತಾಲ್ಲೂಕುಗಳಲ್ಲಿ ನಿಜವಾಗಿ ಕಷ್ಟದ ಕೆಲಸ. ಓದು ಬಾರದ ಮಕ್ಕಳೆಲ್ಲ ಡಿಸ್ಲೆಕ್ಸಿಯಾದವರಲ್ಲ. ಓದು ಬಾರದಿರಲು ಒಂದು ಕಾರಣ ಮನೆಮಾತು.

ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ. ಹನೂರು ಅದರಿಂದಲೇ ಬೇರೆಯಾದ ತಾಲ್ಲೂಕು. ಮಾರ್ಟಳ್ಳಿಯ ಸುತ್ತ ಮನೆಮಾತು ತಮಿಳು. ಒಡೆಯರಪಾಳ್ಯದಲ್ಲಿ ಟಿಬೆಟನ್ನರ ವಸತಿ ಇದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲೂ (ಹಾಡಿಗಳಲ್ಲೂ) ಮಲೆ ಮಹದೇಶ್ವರ ಬೆಟ್ಟದ ಸುತ್ತಲೂ ಸೋಲಿಗ ಬುಡಕಟ್ಟಿನವರಿದ್ದಾರೆ. ಅವರ ನುಡಿ ಕನ್ನಡಕ್ಕೆ ಹತ್ತಿರದ್ದಾದರೂ ಪಠ್ಯಪುಸ್ತಕದ ಕನ್ನಡವಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಮಕ್ಕಳಿಗೆ ಶಾಲೆ ನಡೆಸುತ್ತಿದೆ.

ತಮಿಳು ಲಿಪಿಯಲ್ಲಿ ಕ–ಗ, ತ–ದ, ಪ–ಬಗಳಿಗೆ ಬೇರೆ ಬೇರೆ ಅಕ್ಷರವಿಲ್ಲ. ತಮಿಳು ಮನೆಮಾತಿನ ಹುಡುಗಿ ‘ಗಾಡಿ’ಗೆ ‘ಕಾಡಿ’ ಎಂದು ಬರೆದರೆ ಅದು ಮನೆಮಾತಿನ ನೆರಳು. ಚಾಮರಾಜನಗರದ ಸೀಮೆಯಲ್ಲಿ ಹಕಾರ ಬಿಡುವುದು ರೂಢಿ. ‘ಹಾಲು’ ಎಂಬುದನ್ನು ಮಗು ‘ಆಲು’, ‘ಹಳ್ಳಿ’ಯನ್ನು ‘ಅಳ್ಳಿ’ ಎಂದು ಬರೆದರೆ ತಾನು ಆಡುವುದನ್ನು ಕರಾರುವಾಕ್ಕಾಗಿ ಬರೆದಿದೆ ಎಂದೇ ಅರ್ಥ. ಸದ್ದನ್ನು ಅಕ್ಷರಕ್ಕೆ ಜೋಡಿಸುವ ಶಕ್ತಿ ಅದಕ್ಕೆ ಚೆನ್ನಾಗಿದೆ. ಮಹಾಪ್ರಾಣ ತಪ್ಪುವುದೂ ಹಾಗೇ. ಆದರೆ ‘ಪುಸ್ತಕ’ ಎಂದು ಹೇಳಿ ಬರೆಸಿದಾಗ ಇವತ್ತು ‘ಪುತಸಕ’, ನಾಳೆ ‘ಪುಕತ’, ಆಮೇಲೆ ಇನ್ನೇನೋ ಬಂದರೆ, ಅದೂ ಕನ್ನಡ ಮನೆಮಾತಿನ ಮಗುವಿನಲ್ಲಿ, ಅನುಮಾನಪಡಬೇಕು. ಮನೆಮಾತಿನ ತಪ್ಪಿಗೆ ಒಂದು ಕ್ರಮವಿರುತ್ತದೆ. ಡಿಸ್ಲೆಕ್ಸಿಯಾದ ತಪ್ಪು ದಿನಕ್ಕೊಂದು ಥರ.

ಇನ್ನೊಂದು ಕಾರಣ ಗೈರುಹಾಜರಿ. ಹನೂರು ಕಡೆಯಿಂದ ಕೂಲಿಗೆ ಗುಳೆ ಹೋಗುವ ಸಂಸಾರಗಳ ಜೊತೆ ಮಕ್ಕಳೂ ಹೋಗುತ್ತಾರೆ. ಅಂಥ ಮಗು ಶಾಲೆಯಲ್ಲಿ ನಿಂತು ಸರಿಯಾಗಿ ಹೇಳಿಕೊಟ್ಟರೆ ಬೇಗ ಮುಂದೆ ಬರುತ್ತದೆ. ಡಿಸ್ಲೆಕ್ಸಿಯಾ ಇರುವ ಮಗು ಅದೇ ಪಾಠಕ್ಕೆ ಅಷ್ಟು ಬೇಗ ಮಣಿಯುವುದಿಲ್ಲ. ಎರಡರ ನಡುವಿನ ವ್ಯತ್ಯಾಸ ಹೇಳಲು ಒಳ್ಳೆಯ ಪಾಠಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಇದೆಲ್ಲಕ್ಕೂ ಮೊದಲು ಕಣ್ಣು, ಕಿವಿ ತೋರಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರಬೇಕು. ಅವರು ಗಮನಿಸಬೇಕಾದ 30 ತೊಂದರೆಗಳ ಪಟ್ಟಿಯಲ್ಲಿ ಕಲಿಕಾ ತೊಂದರೆಯೂ ಇದೆ.

ಗುರುತಿಸುವುದು

ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿ ಗುರುತಿಸುವ ಸಾಧನ ಗೋಡೆಯ ಮೇಲೆಯೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಪ್ರತಿ ಮಗು ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ. ದಿನಾ ಶಾಲೆಗೆ ಬರುತ್ತಿದ್ದೂ ತಿಂಗಳುಗಟ್ಟಲೆ ಒಂದೇ ಮೈಲಿಗಲ್ಲಿನಲ್ಲಿ ನಿಂತ ಮಗು ಪ್ರಗತಿ ನೋಟದಲ್ಲಿ ಎದ್ದು ಕಾಣುತ್ತದೆ. ಉಳಿದ ಗುರುತುಗಳು: ಕಾಗುಣಿತವನ್ನು ರಾಗವಾಗಿ ಒಪ್ಪಿಸುತ್ತದೆ, ನಡುವಿನಿಂದ ‘ಕು’ ತೋರಿಸಿದರೆ ಗೊತ್ತಾಗುವುದಿಲ್ಲ. ಬೋರ್ಡಿನಿಂದ ಮುತ್ತಿನಂತೆ ಕಾಪಿ ಮಾಡುತ್ತದೆ, ಬರೆದದ್ದನ್ನು ಓದಲು ಬಾರದು. ಕತೆ ಕೇಳಿ ಅಚ್ಚುಕಟ್ಟಾಗಿ ಹೇಳುತ್ತದೆ, ಅದೇ ಕತೆಯನ್ನು ಪುಸ್ತಕದಲ್ಲಿ ಓದಲಾರದು. ಓದುವ ಪಾಳಿ ಬಂದಾಗ ಹೊಟ್ಟೆನೋವು.

ಕನ್ನಡದಲ್ಲಿಯೇ ಪರೀಕ್ಷಿಸಲು ಹರಿಯಾಣದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ‘ಡಾಲಿ’ ಎಂಬ ಸಾಧನ ತಂದಿತು. ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಅದು ಇದೆ. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳ ಗುಚ್ಛ ಇನ್ನೂ ಹಳೆಯದು. ಈ ಭಾಗದವರಿಗೆ ಹತ್ತಿರದ ದೊಡ್ಡ ಸಂಸ್ಥೆ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಕೊಳ್ಳೇಗಾಲದಿಂದ ಅದು ಸುಮಾರು 60 ಕಿ.ಮೀ.; ಮಹದೇಶ್ವರ ಬೆಟ್ಟದವರಿಗೆ ಕೊಳ್ಳೇಗಾಲಕ್ಕೆ ಬರುವುದೇ ಸುಮಾರು 80 ಕಿ.ಮೀ. ಮಗುವನ್ನು ತೋರಿಸಲು ಹೋದರೆ ಒಂದು ದಿನದ ಕೂಲಿ ಹೋಯಿತು. ಹಾಗಾಗಿ ಪಾಠವನ್ನು ಮೈಸೂರಿನ ಚೀಟಿ ಬರುವವರೆಗೆ ತಡೆಹಿಡಿಯುವುದು ಇಲ್ಲಿ ನಡೆಯದ ಮಾತು. ಅನುಮಾನ ಬಂದ ದಿನದಿಂದಲೇ ಕಲಿಸಲು ಶುರುಮಾಡಬೇಕು. ಡಿಸ್ಲೆಕ್ಸಿಯಾ ಅಲ್ಲವೆಂದು ಆಮೇಲೆ ತಿಳಿದರೂ ಆ ಪಾಠದಿಂದ ಮಗುವಿಗೆ ನಷ್ಟವೇನಿಲ್ಲ.

ಓದು ಕಲಿಸುವುದು

ಕಲಿಕೆ ಕಿವಿಯಿಂದ ಮೊದಲಾಗಬೇಕು. ಕೊ-ಳ್ಳೇ-ಗಾ-ಲ ಎಂದು ನಾಲ್ಕು ಚಪ್ಪಾಳೆ ತಟ್ಟಿಸುವುದು. ‘ಮಾದಪ್ಪ’ನಲ್ಲಿ ‘ಮಾ’ ತೆಗೆದರೆ ಉಳಿದದ್ದೇನೆಂದು ಕೇಳುವುದು. ಇದು ಕೈಗೆ ಬಂದ ಮೇಲೆ ‘ಕ’ದೊಳಗಿನ ‘ಕ್’ ಮತ್ತು ‘ಅ’ ಬಿಡಿಸುವುದು. ಕಾವ್ಯ ಹಾಡುವ ಕಂಸಾಳೆಯವರ, ನೀಲಗಾರರ ಸೀಮೆಯ ಮಕ್ಕಳಿಗೆ ತಾಳಕ್ಕೆ ಮಾತು ಕೂಡಿಸುವುದು ಹೊಸತಲ್ಲ. ಮಾದೇಶ್ವರ, ಮಂಟೇಸ್ವಾಮಿಯ ಕಾವ್ಯಗಳನ್ನು ರಾತ್ರಿಯಿಡೀ ಹಾಡಿದವರಲ್ಲಿ ಓದು ಬಾರದವರು ಬಹಳ ಮಂದಿ; ಓದನ್ನೂ ಬುದ್ಧಿಯನ್ನೂ ಒಂದೇ ತಕ್ಕಡಿಗೆ ಹಾಕಬಾರದೆಂಬುದಕ್ಕೆ ಈ ಸೀಮೆಯಲ್ಲಿ ಬೇರೆ ಸಾಕ್ಷಿ ಬೇಡ.

ಆಮೇಲೆ ಅಕ್ಷರ, ಕೆಲವೇ ಕೆಲವು. ನಲಿ-ಕಲಿಯ ಮೊದಲ ಗುಂಪು ರ, ಗ, ಸ, ದ, ಅ. ಈ ಐದರಲ್ಲೇ ಸರ, ಅಗಸ, ಅರಸ, ಗರಗಸ ಓದಬಹುದು. ಐದು ಅಕ್ಷರ ಕಲಿತ ದಿನವೇ ಪದ ಓದಿದ ಮಗುವಿಗೆ ಬರುವ ಧೈರ್ಯ, 49 ಅಕ್ಷರ ತಿದ್ದಿ ಮುಗಿಸಿದರೂ ಬರುವುದಿಲ್ಲ. ಗುಣಿತವನ್ನು ಕ, ಕಾ, ಕಿ, ಕೀ ಎಂದು ಸರಪಳಿಯಾಗಿ ಹೇಳಿಸುವ ಬದಲು ಒಂದು ಗುರುತನ್ನು ಹಲವು ಅಕ್ಷರಕ್ಕೆ ಹಚ್ಚಬೇಕು: ಈ ವಾರ ಇಳಿ ಮಾತ್ರ, ರಾ, ಗಾ, ಸಾ, ದಾ. ಮುಂದಿನ ವಾರ ಗುಡಿಸು. ಒಂದರಂತೆ ಇನ್ನೊಂದು ಕಾಣುವ ಅಕ್ಷರಗಳನ್ನು ಜೊತೆಯಾಗಿ ಕಲಿಸಬಾರದು. ವಕಾರ ಗಟ್ಟಿಯಾದ ಮೇಲೆ ಮಕಾರ. ಮರಳಿನಲ್ಲೋ ರಾಗಿ ಹರಡಿದ ತಟ್ಟೆಯಲ್ಲೋ ಬೆರಳಿಂದ ಬರೆಯುತ್ತಾ ಸದ್ದನ್ನು ಬಾಯಿಬಿಟ್ಟು ಹೇಳಿಸಬೇಕು. ಬಾಯಿ ಮುಚ್ಚಿಕೊಂಡು ತಿದ್ದಿದರೆ ಕೈಗೆ ಅಭ್ಯಾಸವಾಗುತ್ತದೆ, ಓದಿಗೆ ಸಿಗುವುದು ಕಡಿಮೆ. ದಿನಕ್ಕೆ ಅರ್ಧ ಗಂಟೆ, ಮೂರು ನಾಲ್ಕು ಮಕ್ಕಳ ಗುಂಪು, ವಾರವಿಡೀ, ನಿನ್ನೆಯದನ್ನು ಇವತ್ತು ಮತ್ತೆ ಓದಿಸಿ. ತಪ್ಪಿದ ಪದವನ್ನು ಹತ್ತು ಸಲ ಬರೆಸುವ ಶಿಕ್ಷೆಯಿಂದ ಏನೂ ಆಗದು.

ಇಡೀ ತರಗತಿಯೆದುರು ಎದ್ದು ನಿಲ್ಲಿಸಿ ಓದಿಸುವುದನ್ನು ಮಾತ್ರ ಕೂಡಲೇ ಬಿಡಬೇಕು. ಓದು ಹಿಂದಿದೆಯೆಂದು ವಿಜ್ಞಾನ, ಸಮಾಜ, ಕತೆಗಳಿಂದ ಮಗುವನ್ನು ದೂರವಿಡಬಾರದು. ಅವನ್ನು ಓದಿ ಹೇಳಿ, ಉತ್ತರವನ್ನು ಬಾಯಲ್ಲಿ ಕೇಳಬೇಕು. ಪೇಟೆಯ ಮನೆಗಳಲ್ಲಿ ಇನ್ನೊಂದು ಪ್ರಶ್ನೆ: ಮಗುವನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಬಹುದೇ? ಕನ್ನಡದಲ್ಲೇ ತಡವರಿಸುವ ಮಗುವಿಗೆ ಬರೆದಂತೆ ಓದದ ಭಾಷೆಯಲ್ಲಿ ಮೊದಲ ಓದು ಕಲಿಸುವುದು ಹೊರೆಯ ಮೇಲೆ ಹೊರೆ. ಗೊತ್ತಿರುವ ಭಾಷೆಯಲ್ಲಿ ಓದು ಕುದುರಲಿ, ಇಂಗ್ಲಿಷನ್ನು ಮಾತಿನಿಂದ ಶುರುಮಾಡಲಿ.

ಕಾನೂನು ಮತ್ತು ಪರೀಕ್ಷೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಂತೆ ಮೂರನೆಯ ತರಗತಿ ಅಥವಾ 8 ವರ್ಷ, ಯಾವುದು ಮೊದಲೋ ಆಗ, ಶಿಕ್ಷಕರೇ ಪ್ರಾಥಮಿಕ ತಪಾಸಣೆ ಮಾಡಬೇಕು. ಪ್ರಮಾಣಪತ್ರ 8 ವರ್ಷ ತುಂಬಿದ ಮೇಲೆ. 14 ಮತ್ತು 18ರಲ್ಲಿ ಮರುಪರೀಕ್ಷೆ. 18ರಲ್ಲಿ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ. ನ್ಯೂನತೆ ಶೇ. 40 ಅಥವಾ ಹೆಚ್ಚೆಂದು ದೃಢಪಟ್ಟರೆ ಲಿಖಿತ ಪರೀಕ್ಷೆಯಲ್ಲಿ, ಬರೆಯಲು ಆಗದೆಂಬ ಪ್ರಮಾಣಪತ್ರ ಇದ್ದವರಿಗೆ ಬರವಣಿಗೆಯ ಸಹಾಯಕರನ್ನೂ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವನ್ನೂ ಕೊಡಬೇಕೆಂದು ಅದೇ ವರ್ಷ ಆಗಸ್ಟಿನ ಇನ್ನೊಂದು ಮಾರ್ಗಸೂಚಿ ಹೇಳಿತ್ತು. ಮೂರು ಭಾಷೆ ಬರೆಯಬೇಕಾದ ಎಸ್ಸೆಸ್ಸೆಲ್ಸಿ ಹೊತ್ತಿಗೆ ಈ ಕಾಗದ ಬೇಕೇ ಬೇಕಾಗುತ್ತದೆ. ಹತ್ತನೆಯ ತರಗತಿಗೆ ಬಂದ ಮೇಲೆ ಓಡಾಡಿದರೆ ತಡವಾಯಿತು. ಸರ್ಕಾರಿ ಶಾಲೆಯ ಪೋಷಕರು ಮೊದಲು ಕೇಳಬೇಕಾದ್ದು ತಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ. ವಿಶೇಷ ಅಗತ್ಯದ ಮಕ್ಕಳಿಗಾಗಿ ನೇಮಿಸಿದ ಬಿ.ಐ.ಇ.ಆರ್.ಟಿ. ಶಿಕ್ಷಕರು ಆ ಕೇಂದ್ರದವರೇ.